ಪ್ರಮಾಣವೂ ಪ್ರಾಮಾಣಿಕತೆಯೂ: ಗ್ರಾಮೀಣ ರಾಜಕಾರಣದ ಒಂದು ಮೌಲ್ಯದ ವಿಮರ್ಶೆ

ಕನ್ನಡ ನಾಡಿನ ಹಳ್ಳಿಗಳಲ್ಲಿ ಮುಖಂಡನೊಬ್ಬನ ಯೋಗ್ಯತೆಯನ್ನು ನಿರ್ಣಯಿಸಲು ಬಹುಕಾಲ ಮೂರು ಮಾತುಗಳೇ ಸಾಕಾಗಿದ್ದವು: ಕಚ್ಚೆ, ಕೈ, ಬಾಯಿ. ಈ ಮೂರೂ ಶುದ್ಧವಾಗಿರುವವನೇ ದೊಡ್ಡ ಮನುಷ್ಯ. ಅವನು ಹೇಳಿದ್ದೇ ನ್ಯಾಯ. ಪರಸ್ತ್ರೀ, ಪರಧನ, ಸುಳ್ಳು ಇವುಗಳಿಂದ ದೂರವಿರಬೇಕೆಂಬ ಈ ಆದರ್ಶ ಸಾಮಾನ್ಯವಾದುದಲ್ಲ. ಅದನ್ನು ಹಗುರವಾಗಿ ಕಾಣುವವರು ಅದರಂತೆ ಒಂದು ವರ್ಷ ಬಾಳಿ ನೋಡಲಿ. ಆದರೆ ಅದರಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಮೂರೂ ಆ ಮನುಷ್ಯನ ಮೈಗೆ ಸೇರಿದ ಗುಣಗಳು. ಅವನು ಏನನ್ನು ಕಂಡ, ಕಂಡೂ ಏನನ್ನು ಕಾಣದವನಂತೆ ಸುಮ್ಮನಿದ್ದ ಎಂಬ ಕಣ್ಣಿನ ಲೆಕ್ಕ ಈ ಎಣಿಕೆಯಲ್ಲಿಲ್ಲ. ಅವನ ಶುದ್ಧಿಯಿಂದ ಮತ್ತೊಬ್ಬನ ಪಾಲಿಗೆ ಏನು ಬಂತು ಎಂಬ ಪ್ರಶ್ನೆಯೂ ಇಲ್ಲ.

ಇದೇ ಗುಣಕ್ಕೆ ಗ್ರಾಂಥಿಕ ಭಾಷೆಯಲ್ಲಿ ಪ್ರಾಮಾಣಿಕತೆಯೆಂದು ಹೆಸರು. ಗುಜರಾತಿನಲ್ಲಿ ನೆಲಸಿದ ಕನ್ನಡಿಗನಿಗೆ ಈ ಶಬ್ದ ಬೀದಿಯಲ್ಲಿಯೂ ಕೇಳಿಬರುತ್ತದೆ, ಏಕೆಂದರೆ ಗುಜರಾತಿಯೂ ಅದನ್ನೇ ಬಳಸುತ್ತದೆ. ಎರಡು ಭಾಷೆಗಳಲ್ಲಿಯೂ ಅದರ ಮೂಲ 'ಪ್ರಮಾಣ'. ಆದರೆ ಮೂಲಪದದ ಅರ್ಥವ್ಯಾಪ್ತಿ ಎರಡೂ ಕಡೆ ಒಂದೇ ಅಲ್ಲ. ಯಥಾರ್ಥಜ್ಞಾನಕ್ಕೆ ಸಾಧನ, ಆಧಾರ, ಅಳತೆ ಎಂಬ ಶಾಸ್ತ್ರೀಯ ಅರ್ಥಗಳು ಉಭಯ ಸಾಮಾನ್ಯ. ಕನ್ನಡದಲ್ಲಾದರೋ 'ಪ್ರಮಾಣ ಮಾಡು' ಎಂದರೆ ಆಣೆ ಇಡು ಎಂದರ್ಥ. ಗುಜರಾತಿ ಇದಕ್ಕೆ 'ಸೋಗಂದ್' ಎಂಬ ಬೇರೆಯೇ ಶಬ್ದವನ್ನು ಬಳಸುತ್ತದೆ. ಹೀಗೆ ಕನ್ನಡದ ಒಂದೇ ಪದದಲ್ಲಿ ಆಣೆಯೂ ಅಳತೆಯೂ ಒಟ್ಟಿಗೆ ವಾಸವಾಗಿವೆ. ಆಣೆಯನ್ನು ನಂಬುವವನು ಆಣೆ ಇಟ್ಟ ಮನುಷ್ಯನನ್ನು ನಂಬಬೇಕು. ಅಳತೆಗೆ ಆ ಹಂಗಿಲ್ಲ. ಕೊಳಗವು ಯಾರ ಕೈಯಲ್ಲಿದ್ದರೂ ಅದರೊಳಗೆ ಹಿಡಿಯುವ ಭತ್ತ ಅಷ್ಟೇ. ಗ್ರಾಮೀಣ ಸಂಪ್ರದಾಯನಿಷ್ಠ ರಾಜಕಾರಣವು ಪ್ರಾಮಾಣಿಕತೆಯನ್ನು ಬಹುಮಟ್ಟಿಗೆ ಆಣೆಯ ಅರ್ಥದಲ್ಲಿಯೇ ಬಾಳಿತೆಂಬುದೂ, ಅಳತೆಯ ಅರ್ಥವನ್ನು ಮುಂದೂಡುತ್ತ ಹೋಯಿತೆಂಬುದೂ ಪ್ರಕೃತ ವಿಮರ್ಶೆಯ ಪ್ರತಿಪಾದನೆ.

ಸಂಪ್ರದಾಯನಿಷ್ಠ ಎಂಬ ಮಾತಿನಿಂದ ಯಾವುದೋ ಒಂದು ಪಕ್ಷವನ್ನು ಉದ್ದೇಶಿಸಿಲ್ಲ. ಗೌಡ, ಶಾನುಭೋಗ, ಪಂಚಾಯಿತಿ, ಮಠ, ದೇವಸ್ಥಾನ ಇವುಗಳ ನಡುವೆ ಬೆಳೆದು, ಇರುವ ವ್ಯವಸ್ಥೆಯನ್ನು ಕೆಡವದೆ ತಿದ್ದಿಕೊಂಡು ಹೋಗಬೇಕೆನ್ನುವ ಮನೋಧರ್ಮಕ್ಕೆ ಆ ಹೆಸರು. ಈ ಲೋಕದಲ್ಲಿ ವ್ಯವಹಾರ ನಡೆದದ್ದು ಬಾಯಿಮಾತಿನಿಂದ. ಕರಾವಳಿ ಮಲೆನಾಡುಗಳಲ್ಲಿ ಗೇಣಿ, ಉತ್ತರದ ಕಡೆ ಲಾವಣಿ ಎಂದು ಕರೆಯುವ ಒಕ್ಕಲುತನದ ಒಪ್ಪಂದಕ್ಕೆ ಅನೇಕ ಕಡೆ ಕಾಗದವೇ ಇರುತ್ತಿರಲಿಲ್ಲ. ಒಡೆಯನು ಸಜ್ಜನನಾಗಿದ್ದರೆ ಒಕ್ಕಲು ಮಗನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಅದೇ ಗದ್ದೆಯನ್ನು ಉಳುತ್ತಿತ್ತು. ಬರಗಾಲದಲ್ಲಿ ಗೇಣಿ ಬಿಟ್ಟುಕೊಟ್ಟ ಒಡೆಯರೂ ಇದ್ದರು. ಅವರ ಮಾತಿನ ಬೆಲೆಯನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆದರೆ ಪಹಣಿಯಲ್ಲಿ ಒಕ್ಕಲಿನ ಹೆಸರಿಲ್ಲ. ಒಡೆಯನ ಪ್ರಾಮಾಣಿಕತೆ ಅವನ ಉಸಿರಿನೊಂದಿಗೆ ಮುಗಿಯುವಂಥದು. ಹೊಲವನ್ನು ಆಳುವವನು ಅನಂತರ ಅವನ ಮಗ. ಒಡೆಯ ಒಳ್ಳೆಯವನಾಗಿದ್ದಷ್ಟೂ ಚೀಟಿ ಕೇಳಲು ಒಕ್ಕಲಿಗೆ ಸಂಕೋಚ. ಕೇಳಿದರೆ ಅವನ ಮಾತಿನಲ್ಲಿ ಸಂಶಯಪಟ್ಟಂತೆ ಅಲ್ಲವೆ? ಹೀಗಾಗಿ ಕೆಟ್ಟ ಒಡೆಯನ ಒಕ್ಕಲಿಗಿಂತ ಒಳ್ಳೆಯ ಒಡೆಯನ ಒಕ್ಕಲೇ ದಾಖಲೆಯಿಲ್ಲದೆ ಉಳಿಯುವ ವಿಪರೀತವೂ ಸಂಭವಿಸುತ್ತಿತ್ತು.

ಈ ಲೋಕದಿಂದ ರಾಜ್ಯದ ಮಟ್ಟಕ್ಕೆ ಏರಿ, ಅಲ್ಲಿಯೂ ಕೈಬಾಯಿ ಶುದ್ಧವಾಗಿರಿಸಿಕೊಂಡ ಇಬ್ಬರನ್ನು ಗುಜರಾತಿನ ಕನ್ನಡಿಗರು ಒಟ್ಟಿಗೆ ನೆನೆಯಲು ಕಾರಣವುಂಟು: ಶ್ರೀ ಎಸ್. ನಿಜಲಿಂಗಪ್ಪನವರು ಮತ್ತು ಶ್ರೀ ಮೊರಾರ್ಜಿ ದೇಸಾಯಿಯವರು. ಮೊರಾರ್ಜಿಯವರು 1896ರಲ್ಲಿ ವಲ್ಸಾಡಿನ ಕಡೆಯ ಭದೇಲಿಯಲ್ಲಿ ಜನಿಸಿದರು. ನಿಜಲಿಂಗಪ್ಪನವರು 1902ರಲ್ಲಿ ಹಲುವಾಗಲು ಗ್ರಾಮದಲ್ಲಿ ಹುಟ್ಟಿ ಚಿತ್ರದುರ್ಗದಲ್ಲಿ ವಕೀಲರಾದರು. ಇಬ್ಬರೂ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. ಇಬ್ಬರ ಉಡುಪೂ ಖಾದಿ, ಇಬ್ಬರದೂ ಮಿತವ್ಯಯ. ಸ್ವಭಾವದಲ್ಲಿ ಮಾತ್ರ ಅಂತರ. ಮೊರಾರ್ಜಿಯವರ ಶುದ್ಧಿಯಲ್ಲಿ ಒಂದು ಬಿಗುವಿತ್ತು. ತಮ್ಮ ಮೈಯ ನಿಯಮವನ್ನು ಊರಿಗೆಲ್ಲ ನಿಯಮವಾಗಿಸುವ ಹಟವಿತ್ತು. ಅವರು ಗೃಹಸಚಿವರಾಗಿದ್ದ ಕಾಲದ 1949ರ ಪಾನನಿರೋಧ ಕಾನೂನು ಗುಜರಾತಿನಲ್ಲಿ ಇಂದಿಗೂ ಉಳಿದಿರುವುದನ್ನು ಇಲ್ಲಿಯ ವಾಚಕರಿಗೆ ಹೇಳಬೇಕಾದುದಿಲ್ಲ. ನಿಜಲಿಂಗಪ್ಪನವರು ಒಪ್ಪಿಸಿ ನಡೆಸುವ ಸ್ವಭಾವದವರು. ಕರ್ನಾಟಕದ ಏಕೀಕರಣದಂಥ ಕಷ್ಟಸಾಧ್ಯ ಕಾರ್ಯದಲ್ಲಿ ಆ ಸ್ವಭಾವ ಫಲಿಸಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದವರು ಅವರೇ.

ಅದರ ಹಿಂದಿನ ದಿನದವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕನ್ನಡಿಗನೂ ಅಹಮದಾಬಾದು, ಸೂರತ್ತುಗಳ ಗುಜರಾತಿಯೂ ಒಂದೇ ಮುಂಬಯಿ ರಾಜ್ಯದ ಪ್ರಜೆಗಳು. 1952ರಿಂದ ಇಬ್ಬರಿಗೂ ಮುಖ್ಯಮಂತ್ರಿ ಮೊರಾರ್ಜಿಯವರೇ. ಈ ಸಂಗತಿಯನ್ನು ಪ್ರವಾಸಿ ಕನ್ನಡಿಗರು ಒಂದು ಕುತೂಹಲವೆಂದಷ್ಟೇ ಹೇಳಿ ಬಿಡುವುದುಂಟು. ಅದರಲ್ಲಿ ಕುತೂಹಲಕ್ಕಿಂತ ಹೆಚ್ಚಿನದು ಅಡಗಿದೆ.

ಮುಂಬಯಿ ರಾಜ್ಯದಲ್ಲಿ 1948ರಲ್ಲಿಯೇ ಗೇಣಿ ಕಾನೂನು ಬಂದಿತ್ತು. ಗುಜರಾತಿನವರು 'ಗಣೋತ್ ಧಾರೊ' ಎಂದು ಕರೆಯುವುದು ಇದನ್ನೇ. ಮೊರಾರ್ಜಿಯವರ ಮಂತ್ರಿಮಂಡಲದ ಕಾಲದಲ್ಲಿ ಅದಕ್ಕೆ ಆದ ತಿದ್ದುಪಡಿಯ ಮೇರೆಗೆ 1957ರ ಏಪ್ರಿಲ್ 1ನೆಯ ದಿನವು 'ಉಳುವವನ ದಿನ'ವೆಂದು ಗೊತ್ತಾಯಿತು. ಅಂದು ಉಳುತ್ತಿರುವ ಗೇಣಿದಾರನು ಆ ಜಮೀನನ್ನು ಕೊಂಡವನೆಂದೇ ಕಾನೂನು ಭಾವಿಸತಕ್ಕದ್ದು. ಬೆಲೆಯನ್ನು ಕಂತುಗಳಲ್ಲಿ ತೀರಿಸಬಹುದು. ಒಡೆಯನ ಒಳ್ಳೆಯತನ ಕೆಟ್ಟತನಗಳ ಪ್ರಶ್ನೆಯೇ ಅಲ್ಲಿರಲಿಲ್ಲ. ಆ ದಿನ ಬಂದಿತು. ಖೇಡಾ ಜಿಲ್ಲೆಯ ಗೇಣಿದಾರನಿಗೆ ಕಾನೂನು ಅನ್ವಯವಾಯಿತು. ಧಾರವಾಡದ ಗೇಣಿದಾರನಿಗೆ ಆಗಲಿಲ್ಲ. ಐದು ಆಡಳಿತಗಳಿಂದ ಬಂದ ಪ್ರದೇಶಗಳಿಗೆಲ್ಲ ಏಕರೂಪದ ಕಾನೂನು ಬೇಕೆಂಬ ಕಾರಣದಿಂದ ಹೊಸ ಮೈಸೂರು ಸರ್ಕಾರವು ಮುಂಬಯಿ ಕರ್ನಾಟಕದಲ್ಲಿ ಆ ವಿಧಿಗಳನ್ನು ಅಮಾನತ್ತಿನಲ್ಲಿರಿಸಿತ್ತು. ಏಕರೂಪದ ಕಾನೂನನ್ನು ಸೂಚಿಸಲು ಶ್ರೀ ಬಿ. ಡಿ. ಜತ್ತಿಯವರ ಸಮಿತಿ ನೇಮಕವಾಯಿತು. ಕಾನೂನು ಅಂಗೀಕಾರವಾದದ್ದು 1961ರಲ್ಲಿ, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗಾಂಧೀಜಯಂತಿಯ ದಿನವನ್ನು ಆರಿಸಿದ್ದರಲ್ಲಿ ಸದ್ಭಾವನೆಯಿತ್ತು, ಸಂಶಯವಿಲ್ಲ. ಆದರೆ ಸ್ವಂತ ಸಾಗುವಳಿಗೆಂಬ ಕಾರಣ ಹೇಳಿ ಒಡೆಯನು ಜಮೀನನ್ನು ಮರಳಿ ಪಡೆಯುವ ಅವಕಾಶವನ್ನು ಆ ಕಾನೂನು ಉಳಿಸಿತ್ತು. ನಡುವಿನ ಎಂಟು ವರ್ಷಗಳಲ್ಲಿ ಎಚ್ಚತ್ತುಕೊಳ್ಳಬೇಕಾದವರು ಎಚ್ಚತ್ತುಕೊಂಡಿದ್ದರು.

ಅಮಾನತ್ತಿನ ನಿರ್ಣಯವನ್ನು ಮಾಡಿದ ಮಂತ್ರಿಮಂಡಲದ ಮುಖ್ಯರಲ್ಲಿ ಹಣಕ್ಕಾಗಿ ಕೈಚಾಚಿದವರೆಂದು ಯಾರನ್ನೂ ದೂರುವಂತಿಲ್ಲ. ವಿಷಯದ ತೊಡಕು ಇರುವುದೇ ಇಲ್ಲಿ. ಕಚ್ಚೆ ಕೈ ಬಾಯಿಗಳ ಮೂರು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದವರೇ ಆ ನಿರ್ಣಯವನ್ನು ತೆಗೆದುಕೊಂಡರು. ಅದೇ ಸರ್ಕಾರದಲ್ಲಿದ್ದ ಶ್ರೀ ಕಡಿದಾಳ್ ಮಂಜಪ್ಪನವರು ಹಳೆಯ ಮೈಸೂರಿನ ಕಂದಾಯ ಸಚಿವರಾಗಿ 1954 ಮತ್ತು 1955ರಲ್ಲಿ ಇನಾಮುಗಳ ರದ್ದಿಯಾತಿಯ ಶಾಸನಗಳನ್ನು ತಂದವರು. ಪ್ರಾಮಾಣಿಕತೆಯಲ್ಲಿ ಅವರ ಹೆಸರನ್ನು ಮಲೆನಾಡು ಇಂದಿಗೂ ಗಾದೆಯಂತೆ ಹೇಳುತ್ತದೆ. ಅಂಥವರಿದ್ದೂ ಹೀಗಾಯಿತೆಂದರೆ ದೋಷವನ್ನು ಒಬ್ಬರ ನಡತೆಯಲ್ಲಿ ಹುಡುಕುವುದು ವ್ಯರ್ಥ. ಹಳ್ಳಿಯ ಒಡೆಯರ ಬೆಂಬಲದ ಮೇಲೆ ನಿಂತ ರಾಜಕಾರಣಕ್ಕೆ ಮುಖಂಡನ ಶುದ್ಧಿಯೇ ಜಾಮೀನಾಗಿತ್ತು. ಒಕ್ಕಲಿಗೆ ಜಾಮೀನು ದೊರೆಯಿತು, ಜಮೀನು ದೊರೆಯಲಿಲ್ಲ.

ಗುಜರಾತಿನಲ್ಲಾದರೂ ಎಲ್ಲವೂ ಸರಿಯಾಗಿ ನಡೆಯಿತೆಂದು ತಿಳಿಯಬಾರದು. ಗೇಣಿದಾರನು 'ಸ್ವಇಚ್ಛೆ'ಯಿಂದ ಬಿಟ್ಟುಕೊಟ್ಟನೆಂದು ಬರೆಸಿಕೊಂಡ ಪ್ರಕರಣಗಳು ಅಲ್ಲಿಯೂ ಬೇಕಾದಷ್ಟು. ಲಾಭ ಹೆಚ್ಚಾಗಿ ದೊರೆತದ್ದು ಪಾಟೀದಾರರಂಥ ಗಟ್ಟಿ ಒಕ್ಕಲಿಗರಿಗೆ. ಸೂರತ್ ಜಿಲ್ಲೆಯಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ಹಾಳಿಗಳು ಗೇಣಿದಾರರೇ ಅಲ್ಲವಾದ್ದರಿಂದ ಏಪ್ರಿಲ್ 1 ಅವರ ಪಾಲಿಗೆ ಉಳಿದ ದಿನಗಳಂತೆ ಒಂದು ದಿನ. ಬಾರ್ಡೋಲಿಯ ಸತ್ಯಾಗ್ರಹ ನಡೆದ ನೆಲವೇ ಅದು ಎಂಬುದನ್ನು ಮರೆಯಬಾರದು.

1969ರಲ್ಲಿ ಕಾಂಗ್ರೆಸ್ಸು ಒಡೆದಾಗ ಈ ಇಬ್ಬರು ನಾಯಕರೂ ಒಂದೇ ಬದಿಗೆ ನಿಂತರು. ಆಗ ಅಖಿಲ ಭಾರತ ಅಧ್ಯಕ್ಷರಾಗಿದ್ದವರು ನಿಜಲಿಂಗಪ್ಪನವರು. ರಾಷ್ಟ್ರಪತಿಯ ಚುನಾವಣೆಯಲ್ಲಿ ಸಂಜೀವ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೋರಲು ಅವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ಮುಖಂಡರನ್ನು ಕಂಡದ್ದೇ ಎದುರು ಬಣಕ್ಕೆ ದೊಡ್ಡ ಅಸ್ತ್ರವಾಯಿತು. ಅವರು ಅದನ್ನು ಮರೆಮಾಚಲಿಲ್ಲ. ಮನುಷ್ಯ ನೇರವಾದವನಾದರೆ ಅವನ ಭೇಟಿಯೂ ನೇರವೇ ಎಂಬುದು ಹಳ್ಳಿಯ ಪಂಚಾಯಿತಿಯಿಂದ ಬಂದ ನಂಬಿಕೆ. ರಾಜಕಾರಣದಲ್ಲಿ ಭೇಟಿಗೆ ಬೇರೆಯೇ ಅರ್ಥ ಹುಟ್ಟುತ್ತದೆಂಬುದನ್ನು ಆ ನಂಬಿಕೆ ಎಣಿಸಿರಲಿಲ್ಲ. ಅದೇ ನವೆಂಬರಿನಲ್ಲಿ ಪ್ರಧಾನಮಂತ್ರಿಯನ್ನೇ ಪಕ್ಷದಿಂದ ಉಚ್ಚಾಟಿಸಲಾಯಿತು. ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲಿ ಉಳಿದ ರಾಜ್ಯ ಸರ್ಕಾರಗಳಲ್ಲಿ ಮುಖ್ಯವಾದವು ಎರಡು: ಹಿತೇಂದ್ರ ದೇಸಾಯಿಯವರ ಗುಜರಾತು, ವೀರೇಂದ್ರ ಪಾಟೀಲರ ಮೈಸೂರು.

1971ರ ಲೋಕಸಭಾ ಚುನಾವಣೆಯ ಫಲ ಸರ್ವವಿದಿತ. ಆದರೆ ಈ ಎರಡು ರಾಜ್ಯಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಕಡಮೆ. ದೇಶದಲ್ಲೆಲ್ಲ ಸಂಸ್ಥಾ ಕಾಂಗ್ರೆಸ್ಸು ಗೆದ್ದದ್ದು 16 ಸ್ಥಾನ. ಅದರಲ್ಲಿ 11 ಗುಜರಾತಿನವು. ಮೈಸೂರಿನ 27 ಸ್ಥಾನಗಳಲ್ಲಿ ಒಂದೂ ಅದಕ್ಕೆ ದಕ್ಕಲಿಲ್ಲ. ಇಬ್ಬರು ನಾಯಕರ ವೈಯಕ್ತಿಕ ಶುದ್ಧಿ ಸಮಾನವಾಗಿದ್ದರೂ ಫಲವೇಕೆ ಇಷ್ಟು ಭಿನ್ನ? ಇಂದಿರಾ ಗಾಂಧಿಯವರ ಅಲೆ, ಜಾತಿಗಳ ಕೂಟ, ಅಭ್ಯರ್ಥಿಗಳ ಬಲಾಬಲ ಮುಂತಾದ ಕಾರಣಗಳು ಹಲವಿರಬಹುದು. ಒಂದೇ ಕಾರಣವನ್ನು ಹಿಡಿದು ಕೂರುವುದು ಇತಿಹಾಸಕಾರನ ಲಕ್ಷಣವಲ್ಲ. ಆದರೂ ಒಂದು ಸಂಗತಿಯನ್ನು ತಳ್ಳಿಹಾಕುವಂತಿಲ್ಲ. ಗುಜರಾತಿನ ಮಧ್ಯಮ ರೈತನಿಗೆ ಕಾಪಾಡಿಕೊಳ್ಳಲು ಸ್ವಂತ ಹೊಲವಿತ್ತು, ಅವನ ಸಂಪ್ರದಾಯನಿಷ್ಠೆಗೆ ಆಧಾರವಿತ್ತು. ವಲ್ಲಭ ವಿದ್ಯಾನಗರದ ನಿರ್ಮಾಪಕ ಭಾಯಿಲಾಲ್‌ಭಾಯಿ ಪಟೇಲರ ನಾಯಕತ್ವದಲ್ಲಿ ಸ್ವತಂತ್ರ ಪಕ್ಷವು 1967ರಲ್ಲಿ ಗುಜರಾತು ವಿಧಾನಸಭೆಯ 66 ಸ್ಥಾನಗಳನ್ನು ಗೆದ್ದದ್ದೂ ಆ ಆಧಾರದ ಮೇಲೆಯೇ. (ಎಸ್. ಎಲ್. ಭೈರಪ್ಪನವರು ಕೆಲಕಾಲ ಅಧ್ಯಾಪಕರಾಗಿದ್ದ ಊರು ಇದು.) ಮೈಸೂರಿನ ಗೇಣಿದಾರನಿಗೆ ಕಾಪಾಡಿಕೊಳ್ಳಲು ಇದ್ದದ್ದು ಒಡೆಯನ ಮಾತು.

ಮುಂದಿನ ಘಟ್ಟ ಇನ್ನೂ ಕಠಿಣವಾದುದು. 1972ರಲ್ಲಿ ಮುಖ್ಯಮಂತ್ರಿಗಳಾದ ದೇವರಾಜ ಅರಸರು ಭೂಸುಧಾರಣಾ ಕಾನೂನನ್ನು ಬೇರುಸಹಿತ ತಿದ್ದಿದರು. 1974ರ ಮಾರ್ಚ್ 1ರಿಂದ ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿದ್ದೆಂದಾಯಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ತಾಲ್ಲೂಕಿನ ನ್ಯಾಯಮಂಡಳಿ ತೀರ್ಮಾನಿಸಬೇಕು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮಂಡಳಿಯಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಸದಸ್ಯನೊಬ್ಬನಿರಬೇಕೆಂದಿತ್ತು. ಅರ್ಜಿಗಳು ಲಕ್ಷಗಟ್ಟಲೆ ಬಂದವು. ಪಹಣಿಯಲ್ಲಿ ಹೆಸರಿಲ್ಲದವನೂ ನೆರೆಹೊಲದವರ ಸಾಕ್ಷಿಯಿಂದ ತನ್ನ ಉಳುಮೆಯನ್ನು ಸ್ಥಾಪಿಸುವ ದಾರಿ ತೆರೆಯಿತು. ಇದೇ ಅರಸರ ಮೇಲೆ ಕೇಂದ್ರದ ಜನತಾ ಸರ್ಕಾರ 1977ರಲ್ಲಿ ಗ್ರೋವರ್ ಆಯೋಗವನ್ನು ನೇಮಿಸಿತು. ಕೆಲವು ಆರೋಪಗಳು ಸಾಬೀತಾಗಿವೆಯೆಂದು ಆಯೋಗ ಹೇಳಿತು. ಆ ಸರ್ಕಾರದ ಪ್ರಧಾನಿ ಮೊರಾರ್ಜಿಯವರೆಂಬುದೂ, ಅವರ ಮಗನ ಮೇಲಿನ ಆರೋಪಗಳ ವಿಚಾರಣೆಯಾಗಬೇಕೆಂದು 1978ರಲ್ಲಿ ಸಂಸತ್ತಿನಲ್ಲಿಯೇ ಕೂಗೆದ್ದಿತೆಂಬುದೂ ಜೊತೆಗೆ ನೆನೆಯಬೇಕಾದ ಸಂಗತಿ. ಒಬ್ಬನ ಕೈಯ ಶುದ್ಧಿ ಅವನ ಮನೆಯ ಬಾಗಿಲಿನವರೆಗೂ ಜಾಮೀನಾಗಲಾರದು.

ಆಯೋಗದ ನೆರಳಿನಲ್ಲಿಯೇ 1978ರ ವಿಧಾನಸಭಾ ಚುನಾವಣೆ ನಡೆದು, 224ರಲ್ಲಿ 149 ಸ್ಥಾನ ಗೆದ್ದ ಅರಸರು ಮರಳಿ ಅಧಿಕಾರಕ್ಕೆ ಬಂದರು. ಅದೇ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ. ಇಂದಿರಾ ಗಾಂಧಿಯವರ ಎದುರು ನಿಂತವರು ವೀರೇಂದ್ರ ಪಾಟೀಲರು. ಸಚ್ಚಾರಿತ್ರ್ಯದಲ್ಲಿ ಅವರನ್ನು ಬೆರಳು ಮಾಡಿ ತೋರಿಸುವವರಿರಲಿಲ್ಲ. ಅವರು ಸೋತರು.

ಇದರಿಂದ ಎರಡು ಬಗೆಯ ಅಗ್ಗದ ಪಾಠಗಳನ್ನು ತೆಗೆಯುವ ರೂಢಿಯಿದೆ. ಒಳ್ಳೆಯವರಿಂದ ಕೆಲಸವಾಗದು ಎನ್ನುವುದು ಒಂದು. ಜನಕ್ಕೆ ನೀತಿ ಬೇಡ ಎನ್ನುವುದು ಇನ್ನೊಂದು. ಎರಡನೆಯದನ್ನು ಹೇಳುವವರು ಹೆಚ್ಚಾಗಿ ಊರು ಬಿಟ್ಟು ನಗರ ಸೇರಿದವರು, ಮನೆಯ ಹಿರಿಯರ ಗೇಣಿಯ ಜಮೀನು 1974ರಲ್ಲಿ ಹೋದ ಕುಟುಂಬಗಳವರು ಎಂಬುದನ್ನು ಹೇಳದೆ ಬಿಡುವುದು ಅಪ್ರಾಮಾಣಿಕವಾದೀತು. ಪ್ರವಾಸಿ ಕನ್ನಡಿಗರ ಮನೆಗಳಲ್ಲಿ ಆ ಕಹಿ ಇಂದಿಗೂ ಪೂರ್ತಿ ಆರಿಲ್ಲ. ಅದರಲ್ಲಿ ನಿಜವಾದ ನೋವೂ ಇದೆ: ಅಲ್ಪಸ್ವಲ್ಪ ಜಮೀನನ್ನು ಗೇಣಿಗೆ ಕೊಟ್ಟಿದ್ದ ವಿಧವೆಯರೂ ಬಡ ಪುರೋಹಿತರೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟರು. ಆದರೆ ಎರಡು ಪಾಠಗಳೂ ಮತ್ತೆ ವ್ಯಕ್ತಿಯ ಮೈಯನ್ನೇ ಪರೀಕ್ಷಿಸುತ್ತವೆ. ಅರಸರ ಕೈ, ಪಾಟೀಲರ ಕೈ ಎಂದು ಹೋಲಿಸುತ್ತವೆ. ಒಕ್ಕಲಿಗೆ ಹೊಲ ಕೊಟ್ಟದ್ದು ಅರಸರ ಕೈಯೂ ಅಲ್ಲ, ಅದರ ಮಲಿನತೆಯಂತೂ ಅಲ್ಲವೇ ಅಲ್ಲ, ನಮೂನೆ 7. ಆ ಅಳತೆಯನ್ನು 1957ರಲ್ಲಿ ಕೈ ಶುದ್ಧವಾಗಿದ್ದವರು ಅಮಾನತ್ತಿನಲ್ಲಿಡದೆ ಬಿಟ್ಟಿದ್ದರೆ, ಕನಿಷ್ಠ ಪಕ್ಷ ಮುಂಬಯಿ ಕರ್ನಾಟಕದಲ್ಲಿ ಹದಿನೇಳು ವರ್ಷ ಮೊದಲೇ ಅದು ದೊರೆಯುತ್ತಿತ್ತು. ಅರಸರ ರಾಜಕಾರಣವೂ ಅಳತೆಯನ್ನು ಹೊಲಕ್ಕೆ ಹಿಡಿದು ಖಜಾನೆಗೆ ಹಿಡಿಯಲಿಲ್ಲ. ಅದರ ಬೆಲೆಯನ್ನು ಕರ್ನಾಟಕ ಅನಂತರ ತೆತ್ತಿತು.

ಕನ್ನಡ ಕಾದಂಬರಿಯು ಈ ಸಮಸ್ಯೆಯನ್ನು ಅತ್ಯಂತ ಗಂಭೀರವಾಗಿ ಎದುರಿಸಿದ್ದು ಯು. ಆರ್. ಅನಂತಮೂರ್ತಿಯವರ 'ಅವಸ್ಥೆ'ಯಲ್ಲಿ (1978). ಅದರ ನಾಯಕ ಕೃಷ್ಣಪ್ಪ ಗೌಡನಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಛಾಯೆಯಿದೆಯೆಂಬುದು ಎಲ್ಲರೂ ಬಲ್ಲ ವಿಷಯ. ಪಕ್ಷದಿಂದ ಅವನು ಸಂಪ್ರದಾಯನಿಷ್ಠನಲ್ಲ. ಆದರೆ ಅವನ ಪ್ರಾಮಾಣಿಕತೆ ಕಚ್ಚೆ ಕೈ ಬಾಯಿಗಳ ಹಳೆಯ ಅಚ್ಚಿನದೇ. ಲಕ್ವ ಹೊಡೆದು ಮಲಗಿರುವ ಅವನ ಮುಂದೆ ಮುಖ್ಯಮಂತ್ರಿಪದವಿ ಬಂದು ನಿಲ್ಲುತ್ತದೆ, ಬೇಡದ ಹಣದ ನೆರವಿನೊಂದಿಗೆ. ಶುದ್ಧಿ ಮೈಯಲ್ಲಿದ್ದರೆ ಮೈಯೇ ಕೈಕೊಟ್ಟಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಲೇಖಕರು ಇದಕ್ಕಿಂತ ನಿರ್ದಯವಾಗಿ ಕೇಳಲಾಗುತ್ತಿರಲಿಲ್ಲ. ಕೃತಿಯ ಬಲ ಇದು. ಅದರ ಮಿತಿಯೂ ಇಲ್ಲಿಯೇ ಇದೆ. ಪದವಿಯನ್ನು ಒಪ್ಪುವುದೋ ಬಿಡುವುದೋ ಎಂಬ ತೊಳಲಾಟ ಕೃಷ್ಣಪ್ಪನ ಆತ್ಮದ ರಂಗದಲ್ಲಿಯೇ ಮುಗಿಯುತ್ತದೆ. ಅವನು ಬಿಟ್ಟರೆ ಒಕ್ಕಲಿಗೇನು, ಒಪ್ಪಿದರೆ ಒಕ್ಕಲಿಗೇನು ಎಂಬುದು ಹಿನ್ನೆಲೆಗೆ ಸರಿಯುತ್ತದೆ. ಹಳ್ಳಿಯ ಹಳೆಯ ಪರೀಕ್ಷೆಯನ್ನು ಕಾದಂಬರಿ ಒಳಗಿನಿಂದ ಒಡೆಯುತ್ತದೆ. ಅದರ ಸ್ಥಳದಲ್ಲಿ ಬೇರೊಂದನ್ನು ಇಡುವುದಿಲ್ಲ. ಗಾಂಧೀಯುಗದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಹಮದಾಬಾದಿನ ಗುಜರಾತ್ ವಿದ್ಯಾಪೀಠದಲ್ಲಿ ಕಲಿತು ಮರಳಿ ಬರೆದ ಹಳ್ಳಿಯ ಚಿತ್ರಗಳಲ್ಲಿ ಇಂಥ ತೊಳಲಾಟಕ್ಕೆ ಅವಕಾಶವೇ ಇರಲಿಲ್ಲ. ಅಲ್ಲಿ ಒಳ್ಳೆಯ ಮನುಷ್ಯನೆಂದರೆ ಒಳ್ಳೆಯ ಮನುಷ್ಯನೇ.

ಆಣೆಯನ್ನು ಅಳತೆಯಾಗಿಸಿದ ದೃಷ್ಟಾಂತ ಸಂಪ್ರದಾಯನಿಷ್ಠರಲ್ಲಿ ಇಲ್ಲವೆ? ಉಂಟು, ಅದೂ ಮೊರಾರ್ಜಿಯವರ ಬದುಕಿನಲ್ಲಿಯೇ. 1946ರ ಜನವರಿ 4ರಂದು ಖೇಡಾ ಜಿಲ್ಲೆಯ ಸಮರಖಾ ಗ್ರಾಮದಲ್ಲಿ ಹಾಲಿನ ರೈತರ ಸಭೆ ಅವರ ಅಧ್ಯಕ್ಷತೆಯಲ್ಲಿ ನಡೆಯಿತು. ವ್ಯಾಪಾರಿಯ ಮಾತಿಗೆ ಹಾಲು ಹಾಕದೆ ತಮ್ಮದೇ ಸಂಘ ಕಟ್ಟಬೇಕೆಂದು ನಿರ್ಧಾರವಾಗಿ, ಅದೇ ಡಿಸೆಂಬರಿನಲ್ಲಿ ಖೇಡಾ ಜಿಲ್ಲಾ ಒಕ್ಕೂಟ ನೋಂದಣಿಯಾಯಿತು. ಅಮುಲ್ ಹುಟ್ಟಿದ್ದು ಹೀಗೆ. ತ್ರಿಭುವನದಾಸ ಪಟೇಲರ ಸಚ್ಚಾರಿತ್ರ್ಯವಿಲ್ಲದೆ ಆ ಸಂಘ ನಿಲ್ಲುತ್ತಿರಲಿಲ್ಲ, ನಿಜ. ಆದರೆ ಹಾಲು ತಂದ ಹೆಂಗಸು ತ್ರಿಭುವನದಾಸರನ್ನು ನಂಬಬೇಕಾಗಿರಲಿಲ್ಲ. ಅವಳ ಹಾಲನ್ನು ಅವಳೆದುರಿಗೇ ಅಳೆದು, ಜಿಡ್ಡಿನ ಪರೀಕ್ಷೆಗೆ ಮಾದರಿ ತೆಗೆದು, ಪುಸ್ತಕದಲ್ಲಿ ಬರೆಯುತ್ತಿದ್ದರು. ಪಕ್ಕದ ಮನೆಯ ಪಾಟೀದಾರನ ಹಾಲಿಗೂ ಅದೇ ಪರೀಕ್ಷೆ, ಅದೇ ದರ. ಒಂದೆರಡು ತಲೆಮಾರಿನ ಹಿಂದೆ ಹೊಲಗಳ ನಡುವಿನ ಹಳ್ಳಿಯಾಗಿದ್ದು ಈಗ ಅಹಮದಾಬಾದಿನ ಬಡಾವಣೆಯಾಗಿರುವ ಬೋಡಕ್‌ದೇವ್‌ನಲ್ಲಿ ಬೆಳಗಿನ ಹಾಲಿನ ಚೀಲ ಒಡೆಯುವ ಕನ್ನಡ ಗೃಹಿಣಿಗೂ ಆ ಪರೀಕ್ಷೆಯ ಫಲವೇ ತಲುಪುತ್ತದೆ.

ಇದಕ್ಕಾಗಿ ಕನ್ನಡಿಗರು ಗುಜರಾತಿನತ್ತಲೇ ನೋಡಬೇಕಾಗಿಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಕೃಷಿ ಸಹಕಾರ ಸಂಘ ಸ್ಥಾಪಿತವಾಗಿತ್ತು. ಹಿಂದಿನ ವರ್ಷ ಬಂದಿದ್ದ ಸಹಕಾರ ಕಾನೂನಿನ ಮೇರೆಗೆ ಈ ದೇಶದಲ್ಲಿ ಹುಟ್ಟಿದ ಮೊದಲ ಸಂಘವೆಂದು ಅದಕ್ಕೆ ಹೆಸರು. ಅದನ್ನು ಕಟ್ಟಿದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕ್ರಾಂತಿಕಾರಿಯಲ್ಲ, ಊರಿನ ಪಾಟೀಲರು. ಬಾಯಿಮಾತಿನ ಸಾಲದ ಲೋಕದಲ್ಲಿಯೇ ಹುಟ್ಟಿ ಬೆಳೆದವರು. ಅವರ ಮಾತನ್ನು ಊರು ನಂಬುತ್ತಿತ್ತು. ಆದರೂ ಅವರು ಸಾಲವನ್ನು ಮಾತಿಗೆ ಬಿಡದೆ, ಕೊಟ್ಟದ್ದನ್ನೂ ತೀರಿದ್ದನ್ನೂ ಸಂಘದ ಪುಸ್ತಕಕ್ಕೆ ಹತ್ತಿಸುವ ಏರ್ಪಾಡು ಮಾಡಿದರು.